ಮೋರಿಸ್ ಟ್ರಾವರ್ಸ್

ಮೋರಿಸ್ ವಿಲಿಯಂ ಟ್ರಾವರ್ಸ್ (24 ಜನವರಿ 1872 – 25 ಆಗಸ್ಟ್ 1961) ಇಂಗ್ಲೆಂಡಿನ ರಸಾಯನವಿಜ್ಞಾನಿ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕರು. ಲಂಡನ್ನಿನಲ್ಲಿ ಜನಿಸಿದ ಇವರು 1898ರಲ್ಲಿ ವಿಲಿಯಂ ರ‍್ಯಾಮ್ಸೆ ಅವರೊಡನೆ ಕ್ರಿಪ್ಟಾನ್, ನಿಯಾನ್ ಮತ್ತು ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದರು. 1904ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಮಾತ್ರ ರ‍್ಯಾಮ್ಸೆ ಒಬ್ಬರಿಗೇ ಸಂದಿತು.

ನಿಯಾನಿನಲ್ಲಿ ಬೆರೆತಿದ್ದ ಹೀಲಿಯಮನ್ನು ಬೇರ್ಪಡಿಸಲು ದ್ರವವಾಯುವಿನ ಶೈತ್ಯ ಸಾಲಲಿಲ್ಲ; ದ್ರವ ಹೈಡ್ರೋಜನ್ ಬೇಕಾಯಿತು. ಅಧಿಕ ಒತ್ತಡದ ಅನಿಲವು ಕಿರುರಂಧ್ರದ ಮೂಲಕ ಹಿಗ್ಗುವಾಗ ಅದರ ಅಣುಗಳು ಪರಸ್ಪರ ಆಕರ್ಷಣೆಯನ್ನು ಮೀರಿ ದೂರ ಸರಿಯಬೇಕು. ಹೊರಗಿನಿಂದ ಉಷ್ಣ ಒದಗದಿದ್ದರೆ ಈ ಕೆಲಸಕ್ಕೆ ಅಣುಗಳ ಚಲನಶಕ್ತಿಯೇ ವ್ಯಯವಾಗಿ ತಾಪ ಇಳಿಯುತ್ತದೆ. ಆದರೆ ಹೈಡ್ರೋಜನ್ ಸಾಮಾನ್ಯ ತಾಪದಲ್ಲಿ ಹೀಗೆ ಹಿಗ್ಗಿದರೆ ತಣಿಯುವ ಬದಲು ತುಸು ಬಿಸಿಯಾಗುತ್ತದೆ. ಆದ್ದರಿಂದ ಟ್ರಾವರ್ಸ್ ಅದನ್ನು ಮೊದಲು ದ್ರವವಾಯುವಿನಿಂದ ತಣಿಸಿ ಅನಂತರ ಹಿಗ್ಗಿಸುವ ಯಂತ್ರವನ್ನು ನಿರ್ಮಿಸಿದರು. ಸುಮಾರು ಮೈನಸ್ 253 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನಿಯಾನ್ ಹೆಪ್ಪುಗಟ್ಟಿತು, ಹೀಲಿಯಂ ಅನಿಲವಾಗಿಯೇ ಉಳಿಯಿತು.

1906ರಲ್ಲಿ ಇವರು ನಿರ್ದೇಶಕರಾಗಿ ನೇಮಕಗೊಂಡಾಗ ಸಂಸ್ಥೆಗೆ ಇನ್ನೂ ಕಟ್ಟಡವೇ ಇರಲಿಲ್ಲ. 1911ರಲ್ಲಿ ವಿದ್ಯಾರ್ಥಿಗಳ ಪ್ರವೇಶ ಆರಂಭವಾಯಿತು. ಆಡಳಿತದ ಭಿನ್ನಾಭಿಪ್ರಾಯಗಳ ನಡುವೆ 1914ರಲ್ಲಿ ಇಂಗ್ಲೆಂಡಿಗೆ ಮರಳಿ, ಯುದ್ಧಕಾಲದಲ್ಲಿ ಪ್ರಯೋಗಾಲಯದ ಗಾಜಿನ ತಯಾರಿಕೆಯಲ್ಲಿ ತೊಡಗಿದರು. ಗುರು ರ‍್ಯಾಮ್ಸೆ ಅವರ ಜೀವನಚರಿತ್ರೆಯನ್ನು 1956ರಲ್ಲಿ ಪ್ರಕಟಿಸಿದಾಗ ಇವರಿಗೆ 84 ವರ್ಷ.