ಪೋರ್ಟ್ ಉಜ್ಜಿದರೆ ಇಂಜಿನ್ ಪವರ್ ಡಬಲ್ ಆಗುತ್ತಾ? ವಾಲ್ಟರ್ ಕಾಡೆನ್ ಬದುಕಿನಲ್ಲಿದೆ ಉತ್ತರ

ಮರ ಕೊಯ್ಯುವ ಚೈನ್ ಸಾ ಮಷಿನ್ ಬಿಚ್ಚಿ, ಸಿಲಿಂಡರ್ ಒಳಗಿನ ಕಿಂಡಿಯನ್ನು ಗ್ರೈಂಡರ್‌ನಿಂದ ಉಜ್ಜಿ ದೊಡ್ಡದು ಮಾಡಿದರೆ ಸಾಕು, ಪವರ್ ಡಬಲ್ ಆಗುತ್ತದೆ. ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡವರಂತೂ ಇದನ್ನು ಕೇಳದೆ ಇರಲಾರರು.

ರೋಣ, ನರಗುಂದ, ಗಜೇಂದ್ರಗಡ ಕಡೆ ಹೊಲದ ಬದುವಿನ ಜಾಲಿ ಕಡಿಯುವವರಿಗೆ, ಹೆಸರು ಬೆಳೆಗೆ ಎಣ್ಣೆ ಹೊಡೆಯುವವರಿಗೆ ಈ ಪುಟ್ಟ ಟೂ-ಸ್ಟ್ರೋಕ್ ಇಂಜಿನ್ ಹೊಸದಲ್ಲ. ಮಷಿನ್ ಕೆಟ್ಟು ಕೂತರೆ ಅಂದಿನ ಕೂಲಿ ಹೋಯಿತು. ಹಾಗಾಗಿ ಈ ಮಾತು ನಿಜವೋ ಸುಳ್ಳೋ ಎಂದು ತಿಳಿಯುವುದು ಮುಖ್ಯ. ಅದಕ್ಕೆ ನಾವು ಈ ವಿದ್ಯೆಯಲ್ಲಿ ಜಗತ್ತಿಗೇ ಗುರುವಾದ ಒಬ್ಬರ ಬದುಕನ್ನು ನೋಡೋಣ. ಅವರೇ ಜರ್ಮನಿಯ ವಾಲ್ಟರ್ ಕಾಡೆನ್.

ಮರದ ವ್ಯಾಪಾರದಿಂದ ರೇಸ್ ಇಂಜಿನ್‌ಗೆ

ಕಾಡೆನ್ ಹುಟ್ಟಿದ್ದು 1919ರ ಸೆಪ್ಟೆಂಬರ್ 1ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ. ಅಪ್ಪ ಡಿಕೆಡಬ್ಲ್ಯೂ ಎಂಬ ಮೋಟಾರ್ ಸೈಕಲ್ ಕಂಪನಿಯ ಅಧಿಕಾರಿಯೊಬ್ಬರ ಕಾರು ಓಡಿಸುತ್ತಿದ್ದರು. ಎಂಟು ವರ್ಷದ ಹುಡುಗನಿದ್ದಾಗಲೇ ಹೊಸ ರೇಸ್ ಟ್ರ್ಯಾಕ್ ಒಂದರ ಉದ್ಘಾಟನೆ ನೋಡಿದ ಕಾಡೆನ್‌ಗೆ ಇಂಜಿನ್ ಹುಚ್ಚು ಹಿಡಿಯಿತು. ಕೆಮ್ನಿಟ್ಸ್ ನಗರದಲ್ಲಿ ತಾಂತ್ರಿಕ ಶಿಕ್ಷಣ ಪಡೆದರು. 1940ರಲ್ಲಿ ಹೆನ್ಶೆಲ್ ವಿಮಾನ ಕಂಪನಿ ಸೇರಿದರು.

ಯುದ್ಧ ಮುಗಿದ ಮೇಲೆ ಊರಿಗೆ ಬಂದು ಅವರು ಶುರು ಮಾಡಿದ್ದು ಮರದ ವ್ಯಾಪಾರ! ಬಾಂಬ್ ಬಿದ್ದು ಹಾಳಾದ ಕಟ್ಟಡಗಳಿಗೆ ಛಾವಣಿಯ ಮರದ ಚೌಕಟ್ಟು ಮಾಡಿಕೊಡುತ್ತಿದ್ದರು. ಬಿಡುವಿನಲ್ಲಿ ಹಳೆಯ 125 ಸಿಸಿ ಡಿಕೆಡಬ್ಲ್ಯೂ ಬೈಕನ್ನು ರೇಸಿಗೆ ಸಜ್ಜು ಮಾಡುತ್ತಿದ್ದರು. ಆ ಕೈಚಳಕ ಕಂಡು 1953ರಲ್ಲಿ ಚೋಪಾವ್ ಊರಿನ ಮೋಟಾರ್ ಸೈಕಲ್ ಕಾರ್ಖಾನೆ ರೇಸ್ ವಿಭಾಗವನ್ನೇ ಅವರಿಗೆ ವಹಿಸಿತು. ಮುಂದೆ ಎಂಝಡ್ ಎಂದು ಹೆಸರಾದದ್ದು ಇದೇ ಕಾರ್ಖಾನೆ.

ಆಗ ಪೂರ್ವ ಜರ್ಮನಿ ಬಡವಾಗಿತ್ತು. ಒಳ್ಳೆಯ ಲೋಹ, ಬೇರಿಂಗ್ ಸಿಗುವುದೂ ಕಷ್ಟ. ಕಾಡೆನ್ ಹತ್ತಿರ ಇದ್ದದ್ದು ಲೆಕ್ಕ ಮತ್ತು ತಾಳ್ಮೆ.

ಕಿಂಡಿಯ ಗುಟ್ಟು ಏನು?

ಟೂ-ಸ್ಟ್ರೋಕ್ ಇಂಜಿನ್‌ನ ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಇವೇ ಪೋರ್ಟ್‌ಗಳು. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಇವನ್ನು ಮುಚ್ಚುತ್ತದೆ, ತೆರೆಯುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆ ಹೋಗುವ ಎಕ್ಸಾಸ್ಟ್ ಪೋರ್ಟ್ ತೆರೆಯುತ್ತದೆ. ಆಮೇಲೆ ಟ್ರಾನ್ಸ್‌ಫರ್ ಪೋರ್ಟ್ ತೆರೆದು ಪೆಟ್ರೋಲ್ ಬೆರೆತ ಹೊಸ ಗಾಳಿ ಒಳಗೆ ನುಗ್ಗುತ್ತದೆ. ಯಾವ ಕಿಂಡಿ ಎಷ್ಟು ಹೊತ್ತಿಗೆ ತೆರೆಯಬೇಕು ಎಂಬುದೇ ಪೋರ್ಟ್ ಟೈಮಿಂಗ್.

ಎಕ್ಸಾಸ್ಟ್ ಕಿಂಡಿಯ ಮೇಲಂಚನ್ನು ಉಜ್ಜಿ ಎತ್ತರಿಸಿದರೆ ಹೊಗೆ ಬೇಗ ಹೊರಹೋಗುತ್ತದೆ. ಇಂಜಿನ್ ಹೆಚ್ಚು ವೇಗದಲ್ಲಿ ಸುತ್ತಬಲ್ಲದು. ಆದರೆ ಅದೇ ಕಿಂಡಿ ತಡವಾಗಿ ಮುಚ್ಚುವುದರಿಂದ ಹೊಸ ಪೆಟ್ರೋಲ್ ಗಾಳಿಯೂ ಹೊಗೆಯ ಹಿಂದೆಯೇ ಹೊರಗೆ ಓಡುತ್ತದೆ. ಎಷ್ಟೋ ಇಂಜಿನಿಯರ್‌ಗಳು ಕೈಚೆಲ್ಲಿದ್ದು ಇಲ್ಲೇ.

ಬೆಟ್ಟದ ಎದುರು ನಿಂತು ಕೂಗಿ

ಗಜೇಂದ್ರಗಡದ ಬೆಟ್ಟದ ಎದುರು ನಿಂತು ಜೋರಾಗಿ ಕೂಗಿದರೆ ನಿಮ್ಮ ದನಿ ಮರಳಿ ಬರುತ್ತದಲ್ಲ, ಕಾಡೆನ್ ಹಿಡಿದದ್ದು ಅದೇ ದಾರಿ. ಸಿಲಿಂಡರ್‌ನಿಂದ ಹೊರಬಿದ್ದ ಹೊಗೆಯ ಒತ್ತಡ ಅಲೆಯಾಗಿ ಪೈಪಿನಲ್ಲಿ ಓಡುತ್ತದೆ. ಪೈಪನ್ನು ಮೊದಲು ಅಗಲ ಮಾಡಿ, ಮತ್ತೆ ಕಿರಿದು ಮಾಡಿದರೆ ಆ ಅಲೆ ತಿರುಗಿ ಬರುತ್ತದೆ. ಬಂದು, ತಪ್ಪಿಸಿಕೊಂಡು ಹೋಗುತ್ತಿದ್ದ ಹೊಸ ಗಾಳಿಯನ್ನು ಸಿಲಿಂಡರ್ ಒಳಗೇ ತಳ್ಳುತ್ತದೆ. ಇದೇ ಎಕ್ಸ್‌ಪಾನ್ಷನ್ ಚೇಂಬರ್.

ಇದನ್ನು ಮೊದಲು ಬಳಸಿದ್ದು ಕಾಡೆನ್ ಅಲ್ಲ. ಆದರೆ ಆಸಿಲೋಸ್ಕೋಪ್ ಇಟ್ಟು ಅಲೆಯನ್ನು ಅಳೆದು, ಪೈಪಿನ ಅಳತೆಯನ್ನೂ ಪೋರ್ಟ್ ಟೈಮಿಂಗನ್ನೂ ಒಂದಕ್ಕೊಂದು ಹೊಂದಿಸಿದವರು ಅವರು. ಜೊತೆಗೆ ತಿರುಗುವ ಡಿಸ್ಕ್ ವಾಲ್ವ್ ಮತ್ತು ಮೂರನೆಯ ಟ್ರಾನ್ಸ್‌ಫರ್ ಪೋರ್ಟ್ ಸೇರಿಸಿದರು.

1954ರಲ್ಲಿ ಅವರ 125 ಸಿಸಿ ಇಂಜಿನ್ ಕೊಡುತ್ತಿದ್ದದ್ದು ಸುಮಾರು 13 ಅಶ್ವಶಕ್ತಿ. 1961ರಲ್ಲಿ ಅದೇ ಗಾತ್ರದ ಇಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಅಂದರೆ ಪವರ್ ಡಬಲ್ ಆಗಿದ್ದು ನಿಜ. ಆದರೆ ಅದಕ್ಕೆ ಏಳು ವರ್ಷ ಹಿಡಿಯಿತು!

ಶಿಷ್ಯ ಓಡಿಹೋದ, ಗುರು ಉಳಿದರು

1961ರಲ್ಲಿ ಎಂಝಡ್ ಸವಾರ ಅರ್ನ್ಸ್ಟ್ ಡೆಗ್ನರ್ ವಿಶ್ವ ಚಾಂಪಿಯನ್ ಆಗುವ ಹೊಸ್ತಿಲಲ್ಲಿದ್ದರು. ಆದರೆ ಸೆಪ್ಟೆಂಬರ್‌ನಲ್ಲಿ ಸ್ವೀಡನ್ ರೇಸಿನ ನಡುವೆಯೇ ಇಂಜಿನ್ ಕೆಟ್ಟಿತು. ರೇಸಿನ ಬಳಿಕ ಡೆಗ್ನರ್ ದೇಶ ಬಿಟ್ಟು ಪಶ್ಚಿಮಕ್ಕೆ ಹೋದರು. ಅವರ ಕುಟುಂಬ ಕಾರಿನ ಡಿಕ್ಕಿಯಲ್ಲಿ ಅಡಗಿ ಗಡಿ ದಾಟಿತ್ತು. ಕಾಡೆನ್ ವಿದ್ಯೆ ಡೆಗ್ನರ್ ಜೊತೆ ಜಪಾನಿನ ಸುಜುಕಿ ಕಂಪನಿ ಸೇರಿತು. ಮರುವರ್ಷವೇ, 1962ರಲ್ಲಿ, ಡೆಗ್ನರ್ ಸುಜುಕಿ ಬೈಕಿನಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದರು.

ಕಾಡೆನ್ ಮಾತ್ರ ಚೋಪಾವ್ ಬಿಡಲಿಲ್ಲ. ತಮ್ಮ ವಿದ್ಯೆ ಬೇರೆಯವರ ಕೈಯಲ್ಲಿ ಗೆದ್ದದ್ದನ್ನು ನೋಡುತ್ತಲೇ ಅದೇ ಕಾರ್ಖಾನೆಯಲ್ಲಿ ದುಡಿದರು. 1996ರ ಮಾರ್ಚ್ 3ರಂದು ತೀರಿಕೊಂಡರು. ಅದೇ ವರ್ಷ ನಮ್ಮ ಮೈಸೂರಿನಲ್ಲಿ ಟೂ-ಸ್ಟ್ರೋಕ್ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯೂ ಬಾಗಿಲು ಮುಚ್ಚಿತು.

ಹಾಗಾದರೆ ಆ ಮಾತು ಎಷ್ಟು ನಿಜ?

ಅರ್ಧ ನಿಜ. ಪೋರ್ಟ್ ಬದಲಿಸಿದರೆ ಪವರ್ ಬದಲಾಗುತ್ತದೆ. ಆದರೆ ಕೆಳಗಿನ ಮಾತುಗಳನ್ನು ಯಾರೂ ಹೇಳುವುದಿಲ್ಲ.

ಒಂದು, ಚೈನ್ ಸಾಗೆ ಉದ್ದನೆಯ ಎಕ್ಸ್‌ಪಾನ್ಷನ್ ಚೇಂಬರ್ ಇರುವುದಿಲ್ಲ. ಅದನ್ನು ಕಟ್ಟಿಕೊಂಡು ಮರ ಕೊಯ್ಯಲು ಆಗದು. ಹೊರಗೆ ಹೋದ ಪೆಟ್ರೋಲನ್ನು ಮರಳಿ ತಳ್ಳುವ ಅಲೆಯೇ ಇಲ್ಲದಿದ್ದಾಗ ಕಾಡೆನ್ ತಂತ್ರದ ಅರ್ಧ ಭಾಗ ಇಲ್ಲಿ ನಡೆಯುವುದಿಲ್ಲ.

ಎರಡು, 50 ಸಿಸಿಯ ಪುಟ್ಟ ಇಂಜಿನ್‌ನಲ್ಲಿ ಎಕ್ಸಾಸ್ಟ್ ಕಿಂಡಿಯನ್ನು ಬರೀ 1 ಮಿಲಿಮೀಟರ್ ಎತ್ತರಿಸಿದರೂ ಅದು ತೆರೆದಿರುವ ಅವಧಿ ಸುಮಾರು 7 ಡಿಗ್ರಿ ಹೆಚ್ಚುತ್ತದೆ. ಖಾಲಿ ಓಡಿಸಿದಾಗ ಸದ್ದು ಜೋರು, ಸುತ್ತು ಜಾಸ್ತಿ. ಆದರೆ ಜಾಲಿ ಬೊಡ್ಡೆಗೆ ಒತ್ತಿದ ಕೂಡಲೇ ಎಳೆಯುವ ಶಕ್ತಿ ಕಡಿಮೆಯಾಗಿ ಮಷಿನ್ ಏದುಸಿರು ಬಿಡಬಹುದು.

ಮೂರು, ಉಜ್ಜಿದ ಅಂಚು ಚೂಪಾಗಿ ಉಳಿದರೆ ಪಿಸ್ಟನ್ ರಿಂಗ್ ಸಿಕ್ಕಿಹಾಕಿಕೊಂಡು ಮುರಿಯುತ್ತದೆ. ಸಿಲಿಂಡರ್ ಒಳಗಿನ ಗಟ್ಟಿ ಲೇಪನ ಎದ್ದರೆ ಆ ಸಿಲಿಂಡರ್ ಕಥೆ ಮುಗಿದಂತೆ. ಹೆಚ್ಚಿದ ವೇಗಕ್ಕೆ ಕಾರ್ಬುರೇಟರ್ ಹೊಂದಿಸದೆ ಬಿಟ್ಟರೆ ಪೆಟ್ರೋಲ್ ಸಾಲದೆ, ಅದರ ಜೊತೆ ಬರುವ ಆಯಿಲ್ ಕೂಡ ಸಾಲದೆ ಇಂಜಿನ್ ಕಾದು ಸೀಜ್ ಆಗುತ್ತದೆ.

ಬೈಕ್ ವಿಚಾರದಲ್ಲಿ ಇನ್ನೊಂದು ಮಾತು. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ಮಷಿನ್ ಚೆನ್ನಾಗಿ ಕೊಯ್ಯಬೇಕೆ? ಚೈನ್ ಹಲ್ಲನ್ನು ಅರದಿಂದ ಸರಿಯಾಗಿ ಹರಿತ ಮಾಡಿ, ಏರ್ ಫಿಲ್ಟರ್ ತೊಳೆಯಿರಿ, ಕಂಪನಿ ಹೇಳಿದ ಅಳತೆಗೆ ಆಯಿಲ್ ಬೆರೆಸಿ. ಕಾಡೆನ್ ಕೂಡ ಅಳೆಯದೆ ಉಜ್ಜಿದವರಲ್ಲ. ಇನ್ನೊಮ್ಮೆ ಅಂಥ ವಿಡಿಯೊ ಬಂದರೆ, ಅದರ ಕೆಳಗೆ ಇದನ್ನೂ ಫಾರ್ವರ್ಡ್ ಮಾಡಿ.