ಮಕ್ಕಳ ಮನೆ

ಮಾರಿಯಾ ಮಾಂಟೆಸರಿಯವರು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದ ಕಿಯಾರಾವಲ್ಲೆ ಎಂಬ ಊರಿನಲ್ಲಿ ಜನಿಸಿದರು. ಹೆಣ್ಣುಮಕ್ಕಳು ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡುವುದು ಅಂದಿನ ಸಮಾಜಕ್ಕೆ ಒಪ್ಪಿಗೆಯಾಗಿರಲಿಲ್ಲ. ಪುರುಷ ವಿದ್ಯಾರ್ಥಿಗಳ ಸಂಗಡ ಶವಚ್ಛೇದನ ಮಾಡುವುದು ಸಲ್ಲದೆಂದು, ಅವರೆಲ್ಲ ಹೊರಟುಹೋದ ಬಳಿಕ ಮಾರಿಯಾ ಒಬ್ಬರೇ ಆ ಕೆಲಸವನ್ನು ಮಾಡಬೇಕಾಗುತ್ತಿತ್ತು. ಅದನ್ನೆಲ್ಲ ಸಹಿಸಿ 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದರು.

ರೋಮ್ ನಗರದ ಸಾನ್ ಲೊರೆಂಜೊ ಬಡವರ ಕೇರಿ. ತಂದೆತಾಯಿಗಳು ದುಡಿಮೆಗೆ ಹೋದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವರಿರಲಿಲ್ಲ. ಅವರು ಹೊಸದಾಗಿ ದುರಸ್ತಿಯಾದ ಕಟ್ಟಡಗಳ ಗೋಡೆಗಳನ್ನು ಕೆಡಿಸುತ್ತಿದ್ದರು. ಒಡೆಯರಿಗೆ ಮಕ್ಕಳಿಗಿಂತ ಗೋಡೆಗಳ ಚಿಂತೆಯೇ ಹೆಚ್ಚಾಗಿತ್ತೆಂದರೆ ತಪ್ಪಾಗಲಾರದು. ಅಂತೂ ಅವರು ಒಂದು ಕೊಠಡಿಯನ್ನು ಬಿಟ್ಟುಕೊಟ್ಟರು. 1907ನೆಯ ಜನವರಿ 6ರಂದು ಸುಮಾರು ಐವತ್ತು ಮಕ್ಕಳೊಡನೆ ಅಲ್ಲಿ ‘ಮಕ್ಕಳ ಮನೆ’ ಆರಂಭವಾಯಿತು.

ಅಕ್ಷರಾಭ್ಯಾಸಕ್ಕಿಂತ ಮೊದಲು ದೇಹದ ಶುಚಿತ್ವಕ್ಕೆ ಅಲ್ಲಿ ಗಮನ ಕೊಡಲಾಯಿತು. ಆದರೆ ಮಕ್ಕಳ ಮುಖವನ್ನು ಶಿಕ್ಷಕಿಯೇ ತೊಳೆದುಬಿಡುವುದು ಮಾಂಟೆಸರಿಯವರಿಗೆ ಸಮ್ಮತವಿರಲಿಲ್ಲ. ಮಗುವಿನ ಕೈಗೆಟಕುವಷ್ಟು ತಗ್ಗಿನಲ್ಲಿ ನೀರಿನ ಬೋಗುಣಿಗಳನ್ನು ಇರಿಸಿದರು. ಮರದ ಚೌಕಟ್ಟಿಗೆ ಎರಡು ಬಟ್ಟೆಯ ತುಂಡುಗಳನ್ನು ಹೊಂದಿಸಿ, ಗುಂಡಿ ಹಾಕುವುದನ್ನೂ ಬಿಚ್ಚುವುದನ್ನೂ ಕಲಿಯುವ ಸಾಧನವನ್ನು ಒದಗಿಸಿದರು. ಜಲಬಾಧೆಯ ಅವಸರದಲ್ಲಿ ಗುಂಡಿ ಬಿಚ್ಚಲಾರದೆ ಚಡ್ಡಿಯನ್ನು ಒದ್ದೆಮಾಡಿಕೊಂಡು, ಬೈಗುಳಕ್ಕೆ ಹೆದರಿ ಮೂಲೆಯಲ್ಲಿ ನಿಲ್ಲುವ ಮಗುವನ್ನು ಕಂಡವರಿಗೆ ಆ ಚೌಕಟ್ಟಿನ ಬೆಲೆ ತಿಳಿಯುತ್ತದೆ.

ಒಂದು ದಿನ ಮಾಂಟೆಸರಿಯವರು ಮೂಗನ್ನು ಶುಚಿಮಾಡಿಕೊಳ್ಳುವ ಬಗೆಯನ್ನೇ ಪಾಠವನ್ನಾಗಿ ಆರಿಸಿಕೊಂಡರು. ಕರವಸ್ತ್ರವನ್ನು ಹಿಡಿಯುವುದು ಹೇಗೆ, ಸದ್ದಾಗದಂತೆ, ಇತರರ ಗಮನಕ್ಕೆ ಬಾರದಂತೆ ಸಿಂಬಳವನ್ನು ತೆಗೆಯುವುದು ಹೇಗೆ ಎಂಬುದನ್ನು ತಾವೇ ಮಾಡಿ ತೋರಿಸಿದರು. ಮಕ್ಕಳು ನಕ್ಕಾರೆಂದು ಅವರು ಎಣಿಸಿದ್ದರು. ಒಬ್ಬರೂ ನಗಲಿಲ್ಲ. ಮೌನವಾಗಿ ನೋಡುತ್ತಿದ್ದ ಆ ಮಕ್ಕಳು ಪಾಠ ಮುಗಿದೊಡನೆ ಚಪ್ಪಾಳೆ ತಟ್ಟಿದರು. ಅವರು ಹೊರಟಾಗ ಕೃತಜ್ಞತೆಯನ್ನು ಸೂಚಿಸುತ್ತ ಬೀದಿಯವರೆಗೂ ಹಿಂಬಾಲಿಸಿದರು. ಮಾಂಟೆಸರಿಯವರು ಇದರ ಕಾರಣವನ್ನು ಕುರಿತು ಬಹುವಾಗಿ ಆಲೋಚಿಸಿದರು. ಮೂಗಿನ ವಿಷಯದಲ್ಲಿ ಆ ಮಕ್ಕಳನ್ನು ಎಲ್ಲರೂ ಗದರಿಸಿದ್ದರು, ಹೀಯಾಳಿಸಿದ್ದರು. ಸಮಾಧಾನದಿಂದ ಕಲಿಸಿದವರು ಮಾತ್ರ ಯಾರೂ ಇರಲಿಲ್ಲ. ಅವಮಾನದ ನೋವು ಎಳೆಯ ಮಗುವಿಗೂ ಉಂಟೆಂಬುದು ಅವರಿಗೆ ಅಂದು ಮನದಟ್ಟಾಯಿತು.

ಈ ಪದ್ಧತಿ ಬಲುಬೇಗ ಹಲವು ದೇಶಗಳಿಗೆ ಹರಡಿತು. ಫ್ಯಾಸಿಸ್ಟ್ ಸರ್ಕಾರದೊಡನೆ ವಿರಸವುಂಟಾಗಿ ಮಾಂಟೆಸರಿಯವರು 1934ರಲ್ಲಿ ಇಟಲಿಯನ್ನು ತೊರೆದರು. 1939ರಲ್ಲಿ ಶಿಕ್ಷಕರಿಗೆ ತರಬೇತಿ ನೀಡಲೆಂದು ಮದರಾಸಿನ ಅಡಯಾರಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಬ್ರಿಟಿಷ್ ಸರ್ಕಾರವು ಅವರ ಮಗ ಮಾರಿಯೊ ಅವರನ್ನು ಬಂಧನದಲ್ಲಿರಿಸಿತು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದಂದು ಬಿಡುಗಡೆ ಮಾಡಿತು. ಕೆಲವು ತಿಂಗಳಿಗೆಂದು ಬಂದವರು 1946ರವರೆಗೆ ಭಾರತದಲ್ಲಿಯೇ ಉಳಿದರು. ಮೂರು ವರ್ಷ ತುಂಬದ ಕೂಸುಗಳನ್ನು ಕುರಿತ ಅವರ ಚಿಂತನೆ ಇಲ್ಲಿಯೇ ಆಳವಾಯಿತು. ಅಡಯಾರ್, ಕೊಡೈಕೆನಾಲ್ ಮೊದಲಾದೆಡೆಗಳಲ್ಲಿ ಅವರಿಂದ ತರಬೇತಿ ಪಡೆದ ನೂರಾರು ಶಿಕ್ಷಕರು ತಂತಮ್ಮ ಊರುಗಳ ಶಿಶುವಿಹಾರಗಳಿಗೆ ಮರಳಿದರು. 1952ನೆಯ ಮೇ 6ರಂದು ಹಾಲೆಂಡಿನ ಕಡಲತಡಿಯ ನೂರ್ಡ್‌ವೈಕ್ ಎಂಬಲ್ಲಿ ಮಾಂಟೆಸರಿಯವರು ನಿಧನರಾದರು. ಅವರ ಸಮಾಧಿಯೂ ಅಲ್ಲಿಯೇ ಇದೆ.