ಪಂಡಿತಾ ರಮಾಬಾಯಿಯವರೂ ಬರಗಾಲದ ಬಾಲಿಕೆಯರೂ

ಅಥಣಿ ತಾಲೂಕಿನ ಅನಂತಪುರದಿಂದ ಹಿಡಿದು ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ತನಕ ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಕೇಳಿಬರುವವು. ಈ ಸೀಮೆಯ ಮನೆಗಳಿಗೆ ಪಂಡಿತಾ ರಮಾಬಾಯಿಯವರ ಹೆಸರು ಅಪರಿಚಿತವಾದದ್ದಲ್ಲ. ಆದರೆ ಅವರನ್ನು ಕೇವಲ ಮಹಾರಾಷ್ಟ್ರದವರೆಂದು ಎಣಿಸುವ ವಾಡಿಕೆ ಬಿದ್ದಿದೆ. ಅವರು ಹುಟ್ಟಿದ್ದು ಕನ್ನಡ ನಾಡಿನ ಅಡವಿಯಲ್ಲಿ. ಮುಪ್ಪಿನಲ್ಲಿ ಅವರು ಶಾಲೆಯೊಂದನ್ನು ಸ್ಥಾಪಿಸಿದ್ದೂ ಕನ್ನಡ ನಾಡಿನ ಕಲಬುರಗಿಯಲ್ಲಿ. ಬರ, ಬೇನೆ, ದಿಕ್ಕಿಲ್ಲದ ಹೆಣ್ಣುಮಗು ಎಂಬ ಮೂರು ಸಂಗತಿಗಳನ್ನು ನಮ್ಮ ಹಿರಿಯರೂ ಬಲ್ಲವರಾದ್ದರಿಂದ, ಆ ಮಹನೀಯಳು ಅವುಗಳನ್ನು ಹೇಗೆ ಎದುರಿಸಿದಳೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಇಡುವದು ಯುಕ್ತವೆಂದು ತೋರಿತು.

ರಮಾಬಾಯಿಯವರು 1858ನೆಯ ಇಸವಿಯ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬಲ್ಲಿ ಜನಿಸಿದರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಮರಾಠಿ ಮಾತನಾಡುವ ಬ್ರಾಹ್ಮಣರು. ಅವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸತೊಡಗಿದರು. ಹೆಂಗಸಿಗೆ ದೇವಭಾಷೆಯನ್ನು ಕಲಿಸಿದ್ದಕ್ಕಾಗಿ ಸ್ವಜನರೇ ವಿರೋಧಿಸಲು, ಶಾಸ್ತ್ರಿಗಳು ಹೆಂಡತಿಯೊಂದಿಗೆ ಕಾಡನ್ನು ಸೇರಿ ಆಶ್ರಮ ಮಾಡಿಕೊಂಡರು. ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಕುಟುಂಬವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ರಮೆಯು ಬೆತ್ತದ ಬುಟ್ಟಿಯಲ್ಲಿ ಮಲಗಿ ಘಟ್ಟವನ್ನಿಳಿದಳು. ಆ ಮೇಲೆ ಪುರಾಣ ಹೇಳುವದೇ ಅವರ ಜೀವನೋಪಾಯವಾಯಿತು. ತಾಯಿಯ ಬಾಯಿಂದಲೇ ಮಗಳು ಸಂಸ್ಕೃತವನ್ನು ಕಲಿತಳು.

1870ರ ನಂತರದ ಬರಗಾಲದ ವರ್ಷಗಳಲ್ಲಿ ದಕ್ಷಿಣ ದೇಶದಲ್ಲಿ ಅಲೆಯುತ್ತಿದ್ದ ಈ ಕುಟುಂಬವು ಕಾಳು ಕಡ್ಡಿಯಿಲ್ಲದೆ ಸೊರಗಿತು. ಮೊದಲು ತಂದೆ, ಕೆಲವು ವಾರಗಳಲ್ಲಿ ತಾಯಿ, ಅನಂತರ ಅಕ್ಕ ತೀರಿಕೊಂಡರು. ತಾಯಿಯ ಶವವನ್ನು ಹೊರಲು ಸಾಕಷ್ಟು ಜನರು ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಮುಂದೆ ಬರಲು, ಅಣ್ಣ ಶ್ರೀನಿವಾಸನೂ ರಮೆಯೂ ಹೆಗಲು ಕೊಡಬೇಕಾಯಿತು. ಅವಳು ಗಿಡ್ಡಾಗಿದ್ದುದರಿಂದ ತನ್ನ ಪಾಲಿನ ಭಾರವನ್ನು ತಲೆಯ ಮೇಲೆಯೇ ಹೊತ್ತಳು. ಹಸಿವೆಂದರೇನೆಂಬುದನ್ನು ರಮಾಬಾಯಿಯವರು ಪುಸ್ತಕದಿಂದ ತಿಳಿದವರಲ್ಲ. ಮುಂದಿನ ಸಂಗತಿಗಳನ್ನು ಓದುವಾಗ ಇದನ್ನು ಮರೆಯಲಾಗದು.

ಅಣ್ಣ ತಂಗಿಯರು ಕಾಲ್ನಡೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ಯುವತಿಯ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ಗತಿಸಿದನು. ಅದೇ ವರ್ಷ ಅವರು ಬಂಗಾಲದ ವಕೀಲರಾದ ಬಿಪಿನ್ ಬಿಹಾರಿ ದಾಸರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. ಮರುವರ್ಷ ಮಗಳು ಮನೋರಮೆ ಹುಟ್ಟಿದಳು. 1882ರಲ್ಲಿ ಪತಿಯು ಕಾಲರಾ ಬೇನೆಯಿಂದ ಮೃತರಾದರು.

ಕೈಗೂಸಿನೊಡನೆ ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಆ ವರ್ಷ ಹಂಟರ್ ಸಾಹೇಬರ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ಕೊಡುವಾಗ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕೆಂಬುದರ ಜೊತೆಗೆ ಹೆಣ್ಣು ವೈದ್ಯರೂ ಬೇಕೆಂದು ವಾದಿಸಿದರು. ಪರಪುರುಷನಿಗೆ ನಾಡಿ ತೋರಿಸಲು ನಾಚಿ ಸಾವಿರಾರು ಹೆಂಗಸರು ಸಾಯುತ್ತಿದ್ದ ಕಾಲವದು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಮಂದವಾದ್ದರಿಂದ ಆ ಆಸೆಯು ಕೈಗೂಡಲಿಲ್ಲ. ಅಲ್ಲಿಯ ವಾಂಟೇಜ್ ಮಠದಲ್ಲಿದ್ದಾಗ ಅದೇ ವರ್ಷ ಸಪ್ಟೆಂಬರದಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಹೊಂದಿದರು. ಕ್ರಿಸ್ತನನ್ನು ಒಪ್ಪಿದರೂ ಪಾದ್ರಿಗಳು ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪುವ ಸ್ವಭಾವ ಅವರದಾಗಿರಲಿಲ್ಲ. 1886ರಲ್ಲಿ ಅಮೇರಿಕೆಗೆ ಹೋಗಿ ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಬಾಸ್ಟನ್ ನಗರದ ಮಿತ್ರರು ಸಂಘವೊಂದನ್ನು ಮಾಡಿ ಹತ್ತು ವರ್ಷ ಹಣ ಕಳಿಸುವ ವಚನವಿತ್ತರು.

ಹೀಗೆ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು. ಮುಂದಿನ ವರ್ಷ ಪುಣೆಗೆ ಹೋಯಿತು. 1893ರಲ್ಲಿ ಕೆಲವು ಬಾಲಿಕೆಯರು ಕ್ರಿಸ್ತಮತದ ಕಡೆಗೆ ಒಲಿಯುತ್ತಿರುವರೆಂಬ ಗದ್ದಲವೆದ್ದು ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು; ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಾಂಡಾರಕರರಂಥ ಹಿರಿಯರೂ ದೂರ ಸರಿದರು. ಈ ವಿಷಯದಲ್ಲಿ ಎಲ್ಲ ತಪ್ಪೂ ಒಂದೇ ಪಕ್ಷದ್ದೆಂದು ಹೇಳುವದು ನ್ಯಾಯವಲ್ಲ. ಮಗಳನ್ನು ಪರರ ಕೈಗೆ ಒಪ್ಪಿಸಿದ ತಂದೆಯ ಅಂಜಿಕೆಯನ್ನು ಶಾಲೆ ನಡೆಸುವವರು ಹಗುರವಾಗಿ ಕಾಣಬಾರದು.

1896ರಲ್ಲಿ ಮಧ್ಯ ಪ್ರಾಂತದಲ್ಲಿ ಘೋರ ಕ್ಷಾಮವು ಬಂದಿತು. ಸುದ್ದಿ ಕೇಳಿದ ರಮಾಬಾಯಿಯವರಿಗೆ ತಮ್ಮ ಬಾಲ್ಯದ ಹಸಿವು ನೆನಪಾಗಿ ಕುಳಿತಲ್ಲಿ ಕೂಡಲಾಗಲಿಲ್ಲ. ತಾವೇ ಅಲ್ಲಿಗೆ ಹೋಗಿ ಸರಕಾರದ ಗಂಜಿಕೇಂದ್ರಗಳನ್ನೂ ಬಡವರ ಮನೆಗಳನ್ನೂ ನೋಡಿದರು. ಅಲ್ಲಿ ಅನ್ನದ ಅಭಾವಕ್ಕಿಂತ ಭಯಂಕರವಾದ ಇನ್ನೊಂದು ಸಂಗತಿಯು ಕಣ್ಣಿಗೆ ಬಿದ್ದಿತು. ತಂದೆತಾಯಿಗಳಿಲ್ಲದ ಹುಡುಗಿಯರನ್ನು ಒಂದು ಹಿಡಿ ಕಾಳಿನ ಆಸೆ ತೋರಿಸಿ ಕೆಟ್ಟ ದಾರಿಗೆ ಒಯ್ಯುವವರು ಅಲ್ಲಿ ತಿರುಗುತ್ತಿದ್ದರು. ಮಗುವಿಗೆ ಗಂಜಿ ಹೊಯ್ದರೆ ಕರ್ತವ್ಯ ತೀರಿತೆಂದು ಎಣಿಸುವ ದಾನಿಗಳು ಅಂದೂ ಇದ್ದರು, ಇಂದೂ ಇದ್ದಾರೆ. ರಮಾಬಾಯಿಯವರು ಹಾಗೆ ಎಣಿಸಲಿಲ್ಲ. ಕೆಲವು ತಿಂಗಳುಗಳಲ್ಲಿ ಸುಮಾರು 300 ಹೆಣ್ಣುಮಕ್ಕಳನ್ನು ಅವರು ಅಲ್ಲಿಂದ ಕರೆತಂದರು.

ಆದರೆ ಪುಣೆಯಲ್ಲಿ ಆಗ ಪ್ಲೇಗು ಹಬ್ಬಿತ್ತು. ಇಷ್ಟೊಂದು ಮಕ್ಕಳನ್ನು ಊರೊಳಗೆ ಇಡಕೂಡದೆಂದು ಅಧಿಕಾರಿಗಳು ತಡೆದರು. ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲುದಾರಿಯ ಮೇಲೆ ಕೇಡಗಾಂವವೆಂಬಲ್ಲಿ, ಸದನದ ಮುಂದಿನ ಖರ್ಚಿಗೆಂದು ಕೊಂಡ ಹಣ್ಣಿನ ತೋಟವೊಂದಿತ್ತು. ಮಕ್ಕಳೆಲ್ಲರೂ ಅಲ್ಲಿ ಡೇರೆಗಳಲ್ಲಿ ಇಳಿದರು. ನಮ್ಮ ಕಡೆಯ ಹಿರಿಯರು ಇದರ ಕಷ್ಟವನ್ನು ಊಹಿಸಬಲ್ಲರು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳು ಈ ಸೀಮೆಯಲ್ಲಿಯೂ ಉಂಟು.

ಬರಗಾಲದಿಂದ ಬಂದ ಮಗುವನ್ನು ಉಳಿಸುವದು ಸುಲಭದ ಕೆಲಸವಲ್ಲ. ಬಹುದಿನ ಹಸಿದವರಿಗೆ ಒಮ್ಮೆಲೆ ಹೊಟ್ಟೆ ತುಂಬ ಉಣಿಸಿದರೆ ಪ್ರಾಣಕ್ಕೇ ಅಪಾಯ, ಸ್ವಲ್ಪಸ್ವಲ್ಪವಾಗಿ ತಿನ್ನಿಸಬೇಕು. ಹೇನು, ಹುಣ್ಣು, ಕಣ್ಣುಬೇನೆ, ಆಮಶಂಕೆ ಮೊದಲಾದವು ಒಬ್ಬರಿಂದೊಬ್ಬರಿಗೆ ಹರಡುವವು. ಕರೆತಂದವರಲ್ಲಿ ಉಪಚಾರವು ಫಲಿಸದೆ ತೀರಿಹೋದವರೂ ಇದ್ದರು. ಬದುಕಿದವರನ್ನು ನೋಡಿಕೊಳ್ಳಲು ಶಾರದಾ ಸದನದ ದೊಡ್ಡ ಹುಡುಗಿಯರೇ ಮುಂದಾದರು. ನಿನ್ನೆ ತಾವು ಆಶ್ರಯ ಬೇಡಿ ಬಂದವರು, ಇಂದು ಚಿಕ್ಕ ಮಕ್ಕಳ ಗುಂಪುಗಳಿಗೆ ತಾಯಿಯರೂ ಶಿಕ್ಷಕಿಯರೂ ಆದರು. ನನ್ನ ಅಭಿಪ್ರಾಯದಲ್ಲಿ ರಮಾಬಾಯಿಯವರ ಎಲ್ಲ ವ್ಯವಸ್ಥೆಗಳಲ್ಲಿ ಇದೇ ಅತ್ಯಂತ ಜಾಣತನದ್ದು.

ಅದೇ 1897ರಲ್ಲಿ ನಡೆದ ಒಂದು ಸಂಗತಿಯನ್ನು ಚರಿತ್ರಕಾರರು ಅನೇಕರು ಬೇಗ ದಾಟಿಹೋಗುವರು. ಅವರ ಆಶ್ರಯದಲ್ಲಿದ್ದ ಒಬ್ಬ ಬಾಲಿಕೆಯನ್ನು ಪ್ಲೇಗಿನ ಆಸ್ಪತ್ರೆಗೆ ಒಯ್ಯಲಾಗಿತ್ತು. ಅವಳು ತಿರುಗಿ ಬರಲಿಲ್ಲ. ಆಸ್ಪತ್ರೆಯಲ್ಲಿ ಹೆಂಗಸರ ಮಾನಕ್ಕೆ ರಕ್ಷಣೆಯಿಲ್ಲವೆಂದೂ ಆ ಹುಡುಗಿಯು ಪರರ ಕೈಗೆ ಸಿಕ್ಕು ಕಳೆದುಹೋದಳೆಂದೂ ರಮಾಬಾಯಿಯವರು ಮುಂಬಯಿಯ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಗವರ್ನರರಾದ ಲಾರ್ಡ್ ಸ್ಯಾಂಡ್‌ಹರ್ಸ್ಟರು ಆ ಆರೋಪವನ್ನು ನಿರಾಕರಿಸಿದರು. ಸರಕಾರದ ಕೃಪೆಯೂ ಬಿಳಿಯ ಮಿತ್ರರ ಹಣವೂ ಬೇಕಾಗಿದ್ದ ಹೆಂಗಸು ಹಾಗೆ ಬರೆಯುವದು ಆ ದಿನಗಳಲ್ಲಿ ಸಣ್ಣ ಧೈರ್ಯವಲ್ಲ. ನೂರಾರು ಮಕ್ಕಳನ್ನು ಸಾಕುತ್ತಿದ್ದ ಅವರಿಗೆ ಆ ಒಬ್ಬಳು ಲೆಕ್ಕಕ್ಕೆ ಸಿಗದ್ದು ಸಹನೆಯಾಗಲಿಲ್ಲ. ಇಂದು ಆಪತ್ತಿನಲ್ಲಿರುವ ಮಗುವಿಗಾಗಿ ಯಾರಾದರೂ 1098 ಎಂಬ ದೂರವಾಣಿ ಸಂಖ್ಯೆಗೆ ತಿಳಿಸಬಹುದು. ಅಂದು ಇಂಥ ಏರ್ಪಾಡೊಂದೂ ಇರಲಿಲ್ಲ. ಲಂಡನ್ನಿನಲ್ಲಿ ಎಗ್ಲಂಟೈನ್ ಜೆಬ್ಬರು ಮಕ್ಕಳ ರಕ್ಷಣಾ ನಿಧಿಯನ್ನು ಕಟ್ಟಿದ್ದೇ 1919ರಲ್ಲಿ. ಜಿನೀವಾದಲ್ಲಿ ಮಕ್ಕಳ ಹಕ್ಕುಗಳ ಘೋಷಣೆಯಾದದ್ದು 1924ರಲ್ಲಿ.

ಕೇಡಗಾಂವದ ಡೇರೆಗಳು ಮೆಲ್ಲಗೆ ಕಟ್ಟಡಗಳಾಗಿ ಮುಕ್ತಿ ಸದನವೆಂಬ ಹೆಸರು ಪಡೆದವು. 1900ರ ಸುಮಾರಿಗೆ ಗುಜರಾತದಲ್ಲಿ ಕ್ಷಾಮ ಬಂದಾಗ ಅಲ್ಲಿಂದಲೂ ನೂರಾರು ಜನರು ಬಂದರು. ಒಟ್ಟು ಸಂಖ್ಯೆಯು ಎರಡು ಸಾವಿರದ ಹತ್ತಿರಕ್ಕೆ ಮುಟ್ಟಿತು. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ನೇಯ್ಗೆ, ಹೊಲಿಗೆ, ಎಣ್ಣೆಯ ಗಾಣ, ಹೈನ, ಮುದ್ರಣಾಲಯ ಇವೆಲ್ಲವನ್ನೂ ಹೆಣ್ಣುಮಕ್ಕಳೇ ನಡೆಸಿದರು. ದಾರಿ ತಪ್ಪಿಸಲ್ಪಟ್ಟ ಹೆಂಗಸರಿಗಾಗಿ ಕೃಪಾ ಸದನ, ಮುದುಕಿಯರಿಗೂ ಅಶಕ್ತರಿಗೂ ಪ್ರೀತಿ ಸದನ ಎಂದು ಬೇರೆ ಬೇರೆ ಮನೆಗಳಾದವು. ಕುರುಡ ಬಾಲಿಕೆಯರಿಗೆ ಮನೋರಮಾಬಾಯಿಯವರು ಬ್ರೈಲ್ ಲಿಪಿಯನ್ನು ಕಲಿಸಿದರು. 1905ರಲ್ಲಿ ಅಲ್ಲಿ ನಡೆದ ಆತ್ಮೋಜ್ಜೀವನದ ವಿಷಯವನ್ನು ಸಭೆಯ ಪುಸ್ತಕಗಳು ವಿಸ್ತಾರವಾಗಿ ಹೇಳಿರುವದರಿಂದ ಇಲ್ಲಿ ಬರೆಯುವದಿಲ್ಲ.

1912ರ ಸುಮಾರಿಗೆ ಆಗ ನಿಜಾಮರ ರಾಜ್ಯದಲ್ಲಿದ್ದ ಕಲಬುರಗಿಯಲ್ಲಿ ತಾಯಿ ಮಗಳಿಬ್ಬರೂ ಕ್ರೈಸ್ತ ಶಾಲೆಯೊಂದನ್ನು ಸ್ಥಾಪಿಸಿದರು. ಮನೋರಮಾಬಾಯಿಯವರೇ ಅದರ ಮುಖ್ಯಾಧ್ಯಾಪಿಕೆಯಾದರು. 1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಅವರ ಮಾತನ್ನು ಅಲ್ಲಗಳೆದಿದ್ದ ಸರಕಾರವೂ ಅದೇ.

ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಓದುಬರಹ ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವಂತೆ ಸತ್ಯವೇದವನ್ನು ಸರಳ ಮರಾಠಿಗೆ ತಿರುಗಿಸಿದರು; ಅಚ್ಚಿನ ಕೆಲಸ ಮುಕ್ತಿಯ ಹುಡುಗಿಯರದೇ. 1921ರ ಜುಲೈಯಲ್ಲಿ ನಲ್ವತ್ತು ವರ್ಷದ ಮನೋರಮಾಬಾಯಿಯವರು ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿಯವರು ಅನುವಾದದ ಕೆಲಸವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಮುಕ್ತಿ ಮಿಶನ್ನು ದಿಕ್ಕಿಲ್ಲದ ಹೆಂಗಸರನ್ನೂ ಮಕ್ಕಳನ್ನೂ ಇಂದಿಗೂ ಅಲ್ಲಿಯೇ ಸಲಹುತ್ತಿದೆ. ಮಿರಜ ಮಾರ್ಗವಾಗಿ ಪುಣೆಗೆ ಹೋಗುವ ನಮ್ಮ ಕಡೆಯವರು ಅಲ್ಲಿಂದ ಸೊಲ್ಲಾಪುರದ ಗಾಡಿದಾರಿ ಹಿಡಿದರೆ ಆ ಊರಿನ ನಿಲ್ದಾಣವು ಸಿಗುವದು.